ವಾರಂಟಿ ಮುಗಿದ ಮಾತ್ರಕ್ಕೆ ಹೊಣೆ ಮುಗಿಯದು

ಮಾನ್ಯ ಸಂಪಾದಕರೇ,

ದುಬಾರಿ ಬೆಲೆಯ ಲ್ಯಾಪ್‌ಟಾಪ್ ವಾರಂಟಿ ಮುಗಿದ ಸ್ವಲ್ಪ ದಿನಕ್ಕೇ ಕೆಟ್ಟರೆ ಸರ್ವಿಸ್ ಸೆಂಟರ್‌ನಲ್ಲಿ ಸಿಗುವ ಉತ್ತರ ಎಲ್ಲೆಡೆ ಒಂದೇ: ‘ವಾರಂಟಿ ಮುಗಿದಿದೆ, ದುರಸ್ತಿಗೆ ಹಣ ಕಟ್ಟಬೇಕು.’ ಬಹಳಷ್ಟು ಮಂದಿ ಇದನ್ನೇ ಕಾನೂನು ಎಂದು ನಂಬಿ ಕೇಳಿದಷ್ಟು ಹಣ ಕಟ್ಟುತ್ತಾರೆ, ಇಲ್ಲವೇ ಬೇಸತ್ತು ಹೊಸದನ್ನೇ ಕೊಳ್ಳುತ್ತಾರೆ. ಈ ನಂಬಿಕೆಯಿಂದ ಲಾಭವಾಗುತ್ತಿರುವುದು ತಯಾರಕರಿಗೆ ಮಾತ್ರ.

ವಾರಂಟಿ ಎನ್ನುವುದು ಕಂಪನಿ ತಾನಾಗಿ ಬರೆದುಕೊಟ್ಟ ಮಾತು. ಅದರ ಅವಧಿ ಎಷ್ಟು, ಅದರಲ್ಲಿ ಯಾವುದು ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ತೀರ್ಮಾನಿಸಿದವರು ಅವರೇ. ಆದರೆ ಮಾರಿದ ವಸ್ತು ಅದರ ಬೆಲೆಗೂ ಬಗೆಗೂ ತಕ್ಕಷ್ಟು ಕಾಲ ಬಾಳಬೇಕು ಎಂಬ ಹೊಣೆ ಬೇರೆಯೇ ಆದದ್ದು. ಹಲವು ದೇಶಗಳ ಕಾನೂನು ಈ ಹೊಣೆಯನ್ನು ವಾರಂಟಿಗೆ ಕಟ್ಟಿಹಾಕಿಲ್ಲ. 2011ರಿಂದ ಜಾರಿಯಲ್ಲಿರುವ ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನ ಪ್ರಕಾರ ಬಾಳಿಕೆಯೂ ಗುಣಮಟ್ಟದ ಒಂದು ಭಾಗ; ಕಂಪನಿಯ ವಾರಂಟಿ ಮುಗಿದ ಮೇಲೂ ಆ ಹಕ್ಕು ಉಳಿದಿರಬಹುದು. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಹೇಳುವುದೂ ಇದನ್ನೇ. ಇಂಗ್ಲೆಂಡಿನಲ್ಲಿ ಇಂತಹ ದೂರಿನೊಂದಿಗೆ 6 ವರ್ಷದೊಳಗೆ ನ್ಯಾಯಾಲಯಕ್ಕೆ ಹೋಗಬಹುದು. ಯುರೋಪಿಯನ್ ಒಕ್ಕೂಟದಲ್ಲಿ ಮಾರಾಟಗಾರನ ಕಾನೂನುಬದ್ಧ ಹೊಣೆ ಕನಿಷ್ಠ 2 ವರ್ಷ.

ಎಚ್‌ಪಿ ಕಂಪನಿಯ ಆಸ್ಟ್ರೇಲಿಯಾ ಶಾಖೆಗೆ 2013ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಗ್ರಾಹಕರಿಗೆ ಅವರ ಹಕ್ಕುಗಳ ಬಗ್ಗೆ ತಪ್ಪು ಮಾಹಿತಿ ನೀಡಿದ್ದಕ್ಕೆ ಬಿದ್ದ ದಂಡ ಅದು. ಆ ತಪ್ಪು ಮಾಹಿತಿಗಳಲ್ಲಿ ಒಂದು, ವಾರಂಟಿ ಅವಧಿ ಮುಗಿದ ಮೇಲೆ ಹಣ ಕೊಟ್ಟರೆ ಮಾತ್ರ ದುರಸ್ತಿ ಎಂಬುದು. ನಮ್ಮ ಕೌಂಟರ್‌ಗಳಲ್ಲಿ ಹಗಲಿಡೀ ಕೇಳಿಬರುವ ಮಾತನ್ನೇ ಅಲ್ಲಿನ ನ್ಯಾಯಾಲಯ ತಪ್ಪೆಂದು ತೀರ್ಮಾನಿಸಿತು ಎಂಬುದನ್ನು ಓದುಗರು ಗಮನಿಸಬೇಕು.

ನನ್ನ ಲ್ಯಾಪ್‌ಟಾಪಿನ ಕಥೆಯನ್ನು ಹೇಳದಿದ್ದರೆ ಈ ವಾದ ಅರ್ಧಕ್ಕೇ ನಿಲ್ಲುತ್ತದೆ. ವಾರಂಟಿ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಪರದೆಯನ್ನು ತೆರೆಯುವಾಗ ಹಿಂಜಿನ ಬಳಿ ಕವಚ ಬಾಯಿ ಬಿಟ್ಟಿತು. ಅಧಿಕೃತ ಸರ್ವಿಸ್ ಸೆಂಟರ್‌ನವರು ಒಳಗೆ ಬಿಚ್ಚಿ ನೋಡದೆಯೇ ಜಾಬ್ ಶೀಟಿನಲ್ಲಿ ‘ಬಳಕೆದಾರರಿಂದ ಹಾನಿ’ ಎಂದು ಬರೆದು ಸಹಿ ಕೇಳಿದರು. ನಾನು ಸಹಿ ಹಾಕಲಿಲ್ಲ. ಆಮೇಲೆ ಹೊರಗಿನ ಮೆಕ್ಯಾನಿಕ್ ಒಬ್ಬರು ನನ್ನ ಎದುರಿಗೇ ಬಿಚ್ಚಿ ತೋರಿಸಿದರು. ಲೋಹದ ಹಿಂಜಿಗೆ ಏನೂ ಆಗಿರಲಿಲ್ಲ. ಅದರ ಸ್ಕ್ರೂಗಳು ಕೂರುವ ಹಿತ್ತಾಳೆಯ ಪುಟ್ಟ ನಟ್ಟುಗಳನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ್ದರು. ಬಿಗಿಯಾದ ಹಿಂಜು ಪ್ರತಿ ಸಲ ತೆರೆದು ಮುಚ್ಚುವಾಗಲೂ ಆ ನಟ್ಟುಗಳನ್ನು ಜಗ್ಗಿ ಜಗ್ಗಿ, ಕೊನೆಗೆ ಸುತ್ತಲಿನ ಪ್ಲಾಸ್ಟಿಕ್ಕಿನ ಸಮೇತ ಕಿತ್ತುಬಂದಿದ್ದವು. ಕೆಳಗೆ ಬಿದ್ದ ಗುರುತಾಗಲಿ, ಪೆಟ್ಟು ತಾಗಿದ ಗೆರೆಯಾಗಲಿ ಎಲ್ಲೂ ಇರಲಿಲ್ಲ. ಲ್ಯಾಪ್‌ಟಾಪನ್ನು ತೆರೆದು ಮುಚ್ಚುವುದು ದುರ್ಬಳಕೆಯೇ? ತೆರೆಯದೆ ಅದನ್ನು ಬಳಸುವುದಾದರೂ ಹೇಗೆ?

ಎಲ್ಲ ಕೆಡುಕಿಗೂ ಕಂಪನಿಯೇ ಹೊಣೆ ಎಂದು ನಾನು ಹೇಳುತ್ತಿಲ್ಲ. ಬ್ಯಾಟರಿ ಕಾಲಕ್ರಮೇಣ ಸೊರಗುವುದು ಸಹಜ. ಕೀಬೋರ್ಡಿನ ಮೇಲೆ ನೀರು ಚೆಲ್ಲಿದರೆ ಅದು ಚೆಲ್ಲಿದವರ ಪಾಡು. ಆದರೆ ಬಳಸಿ ಸವೆದದ್ದು ಬೇರೆ, ಹುಟ್ಟಿನಿಂದಲೇ ಒಳಗಿದ್ದ ದೋಷ ತಡವಾಗಿ ಹೊರಬಿದ್ದದ್ದು ಬೇರೆ. ಎರಡನೆಯದು ಕ್ಯಾಲೆಂಡರ್ ನೋಡಿಕೊಂಡು ಕಾಣಿಸಿಕೊಳ್ಳುವುದಿಲ್ಲ. ಮದರ್‌ಬೋರ್ಡಿನ ಚಿಪ್‌ಗಳ ಕೆಳಗಿನ ಬೆಸುಗೆ ಬಿಸಿಯಾಗಿ ತಣಿದು, ಮತ್ತೆ ಬಿಸಿಯಾಗಿ, ತಿಂಗಳುಗಟ್ಟಲೆ ಕಳೆದ ಮೇಲೆ ಬಿರುಕು ಬಿಡುತ್ತದೆ. ಆ ಹೊತ್ತಿಗೆ ವಾರಂಟಿ ಮುಗಿದಿರುತ್ತದೆ. ಆ್ಯಪಲ್ ಕಂಪನಿಯ ‘ಬಟರ್‌ಫ್ಲೈ’ ಕೀಬೋರ್ಡುಗಳ ವಿಷಯದಲ್ಲಿ ದೂರುಗಳು ಹೆಚ್ಚಿದಾಗ, ಕಂಪನಿ 2018ರಲ್ಲಿ ಕೆಲವು ಮ್ಯಾಕ್‌ಬುಕ್ ಮಾದರಿಗಳಿಗೆ ಮೊದಲ ಮಾರಾಟದಿಂದ 4 ವರ್ಷಗಳವರೆಗೆ ಉಚಿತ ದುರಸ್ತಿ ಘೋಷಿಸಿತು. ಹಾಗಾಗಿ ಹಣ ಕಟ್ಟುವ ಮುನ್ನ ನಿಮ್ಮ ಮಾದರಿಗೆ ಇಂತಹ ಯೋಜನೆ ಇದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ನೋಡುವುದು ಒಳ್ಳೆಯದು. ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ.

ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ಇಲ್ಲವೆಂದಲ್ಲ. ‘ದೋಷ’ ಎಂದರೆ ಏನೆಂಬುದಕ್ಕೆ ಅದು ಕೊಟ್ಟಿರುವ ವಿವರಣೆ ವಿಶಾಲವಾಗಿದೆ: ಕರಾರಿನಲ್ಲಿ ಬರೆದ ಗುಣಮಟ್ಟದಲ್ಲಿ ಮಾತ್ರವಲ್ಲ, ಬರೆಯದಿದ್ದರೂ ಅದರಲ್ಲಿ ಅಂತರ್ಗತವಾಗಿ ನಿರೀಕ್ಷಿಸಬಹುದಾದ ಗುಣಮಟ್ಟದಲ್ಲಿನ ಕೊರತೆಯೂ ದೋಷವೇ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ವಸ್ತುವಿಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಆದರೆ ಇದೇ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವನ್ನು ನೆಚ್ಚಿಕೊಂಡು ಹೋದರೆ ಬರಿಗೈ. ಅಲ್ಲಿ ‘ಹಾನಿ’ ಎಂಬುದರಿಂದ ವಸ್ತುವಿಗೇ ಆದ ಹಾನಿಯನ್ನು ಹೊರಗಿಡಲಾಗಿದೆ. ಲ್ಯಾಪ್‌ಟಾಪ್ ಹೊತ್ತಿ ಉರಿದು ಕೈ ಸುಟ್ಟರೆ ಆ ಅಧ್ಯಾಯ ನೆರವಾಗುತ್ತದೆ, ಸುಮ್ಮನೆ ಸತ್ತುಬಿದ್ದರೆ ಇಲ್ಲ. ಅದಕ್ಕೆ ದೋಷಪೂರಿತ ಸರಕು ಎಂದೇ ದೂರು ಸಲ್ಲಿಸಬೇಕು.

ನಿಜವಾದ ತೊಡಕು ಇರುವುದು ಸಾಕ್ಷ್ಯದಲ್ಲಿ. ಯುರೋಪಿಯನ್ ಒಕ್ಕೂಟದಲ್ಲಿ ಕೊಂಡ ಮೊದಲ ವರ್ಷದಲ್ಲಿ ದೋಷ ಕಂಡರೆ ಅದು ಮೊದಲಿನಿಂದಲೂ ಇತ್ತೆಂದೇ ಎಣಿಸಲಾಗುತ್ತದೆ. ಅಲ್ಲವೆಂದು ತೋರಿಸುವ ಕೆಲಸ ಮಾರಾಟಗಾರನದು. ನಮ್ಮಲ್ಲಿ ವಾರಂಟಿ ಮುಗಿದ ಮೇಲೆ ರುಜುವಾತಿನ ಭಾರವೆಲ್ಲ ಸಾಮಾನ್ಯವಾಗಿ ಗ್ರಾಹಕನ ಹೆಗಲಿಗೆ ಬೀಳುತ್ತದೆ. ಬೋರ್ಡಿನ ನಕ್ಷೆ ಇರುವುದು ಕಂಪನಿಯ ಬಳಿ, ಅದೇ ಮಾದರಿ ಇನ್ನೆಷ್ಟು ಕಡೆ ಹೀಗೆಯೇ ಕೆಟ್ಟಿದೆ ಎಂಬ ಲೆಕ್ಕವೂ ಕಂಪನಿಯ ಬಳಿ. ರುಜುವಾತು ಮಾಡಬೇಕಾದವರು ಮಾತ್ರ ನಾವು! ದೋಷವನ್ನು ಪರೀಕ್ಷೆಯಿಲ್ಲದೆ ತಿಳಿಯಲಾಗದಿದ್ದರೆ ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕೆ ಇದೆ, ನಿಜ. ಅಲ್ಲಿಯವರೆಗೆ ಹೋಗುವ ತಾಳ್ಮೆ ಎಷ್ಟು ಮಂದಿಗೆ ಉಳಿದಿರುತ್ತದೆ? ಓದು, ಉದ್ಯೋಗ, ಕಡತಗಳೆಲ್ಲ ಅದೇ ಯಂತ್ರದೊಳಗಿರುತ್ತವೆ. ಕೆಲವು ಮಾದರಿಗಳಲ್ಲಿ ಸಂಗ್ರಹದ ಚಿಪ್ಪನ್ನೂ ಬೋರ್ಡಿಗೇ ಬೆಸೆದಿರುವುದರಿಂದ, ಬೋರ್ಡ್ ಬದಲಿಸಿದರೆ ದತ್ತಾಂಶವೂ ಹೋಯಿತು.

ಮಾರುವಾಗಲೇ ‘ಹೆಚ್ಚುವರಿ ವಾರಂಟಿ ಹಾಕಿಸಿಕೊಳ್ಳಿ’ ಎಂದು ಒತ್ತಾಯಿಸುವುದೂ ನನಗೆ ಸರಿ ಕಾಣುವುದಿಲ್ಲ. ಯಂತ್ರ ಕೆಲವು ವರ್ಷ ಬಾಳುತ್ತದೆ ಎಂಬ ಭರವಸೆ ಅದರ ಬೆಲೆಯಲ್ಲೇ ಸೇರಿರಬೇಕಾದದ್ದು. ಅದಕ್ಕೆ ಎರಡನೇ ಸಲ ಹಣ ಕೇಳುವುದು ಅನ್ಯಾಯ.

ಲ್ಯಾಪ್‌ಟಾಪಿನ ಬಿಡಿಭಾಗ ಮತ್ತು ದುರಸ್ತಿ ಕೈಪಿಡಿಗಳನ್ನು ಎಷ್ಟು ವರ್ಷ ಒದಗಿಸಬೇಕೆಂಬುದನ್ನು ಕಾನೂನು ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈನಿಂದ ಜಾರಿಗೆ ಬಂದ ಕಾಯ್ದೆ, 100 ಡಾಲರ್ ಅಥವಾ ಅದಕ್ಕೂ ಹೆಚ್ಚು ಬೆಲೆಯ ಉಪಕರಣಗಳಿಗೆ ತಯಾರಿಕೆ ನಿಂತ ಮೇಲೂ 7 ವರ್ಷ ಎಂದು ನಿಗದಿಮಾಡಿದೆ. ಅದಕ್ಕಿಂತ ಮೊದಲು, ನಾಳೆಯೇ ಮಾಡಬಹುದಾದ ಕೆಲಸವೊಂದಿದೆ. ದುರಸ್ತಿಗೆ ಬಂದ ಪ್ರತಿ ಯಂತ್ರಕ್ಕೂ ಯಾವ ಭಾಗ ಕೆಟ್ಟಿದೆ, ಏಕೆ ಕೆಟ್ಟಿದೆ, ಬಿಚ್ಚಿ ನೋಡಿದವರು ಯಾರು ಎಂಬ ಲಿಖಿತ ವರದಿಯನ್ನು ಫೋಟೊಗಳೊಂದಿಗೆ ಗ್ರಾಹಕನಿಗೆ ಕೊಡುವುದನ್ನು ಗ್ರಾಹಕ ವ್ಯವಹಾರಗಳ ಇಲಾಖೆ ಕಡ್ಡಾಯ ಮಾಡಲಿ. ಅಲ್ಲಿಯವರೆಗೆ ಓದುಗರು ಖರೀದಿ ರಶೀದಿಯನ್ನು ಜೋಪಾನವಾಗಿಡಲಿ, ಮಾರಾಟಗಾರ ಮತ್ತು ತಯಾರಕ ಇಬ್ಬರಿಗೂ ಬರಹದಲ್ಲೇ ದೂರು ಕೊಡಲಿ, ‘ಬಳಕೆದಾರರಿಂದ ಹಾನಿ’ ಎಂದು ಬರೆದ ಹಾಳೆಗೆ ಕಾರಣ ಕೇಳದೆ ಸಹಿ ಹಾಕದಿರಲಿ.

ಇತಿ,
ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ