ಒನೊಮಿಚಿಯಿಂದ ಮಂಜನಿಗೆ

ಲೋ ಮಂಜ,

ಫೋಟೋ ನೋಡಿ ಯಾವ ನದಿ ಅಂತ ಕೇಳಿದ್ದೆಯಲ್ಲ, ಅದು ಸಮುದ್ರ ಮಾರಾಯ! ಜಪಾನಿನ ಹಿರೋಶಿಮಾ ಪ್ರಾಂತ್ಯದ ಒನೊಮಿಚಿ ಊರು. ಎದುರಿನ ಮುಕೈಶಿಮಾ ದ್ವೀಪ ಅಷ್ಟು ಹತ್ತಿರ, ಫೆರಿ ಹತ್ತಿದರೆ ಐದೇ ನಿಮಿಷ. ಯೂನಿಫಾರಂ ಹಾಕಿದ ಹುಡುಗರು ಸೈಕಲ್ ಹಿಡಿದುಕೊಂಡೇ ಹತ್ತಿ, ಹಿಡಿದುಕೊಂಡೇ ಇಳಿಯುತ್ತಾರೆ. ಅಲ್ಲಿಂದ ಒಂದಾದ ಮೇಲೊಂದು ಸೇತುವೆ ದಾಟಿ ಇಮಾಬರಿ ಊರಿನವರೆಗೆ ಸುಮಾರು 70 ಕಿಲೋಮೀಟರ್ ಸೈಕಲ್ ದಾರಿಯಿದೆ. ನಾನು ಹೋಗಲಿಲ್ಲ. ಹಾಸನದ ಸೈಕಲ್ ಪ್ರಕರಣ ಆದಮೇಲೆ ಯಾಕೆ ಅಂತ ಕೇಳುವ ಹಕ್ಕು ನಿನಗಿಲ್ಲ.

ಈ ದಡದ ಬೆನ್ನಿಗೇ ಗುಡ್ಡ. 1891ರಲ್ಲಿ ರೈಲು ಬಂದಾಗ ಗುಡ್ಡದ ಬುಡದಲ್ಲೇ ಹಳಿ ಹಾಕಿದರು. ಕೆಲವು ದೇವಸ್ಥಾನಗಳ ಮೆಟ್ಟಿಲು ಹತ್ತಬೇಕಾದರೆ ಮೊದಲು ಹಳಿ ದಾಟಬೇಕು. ಮೇಲಿನ ಸೆಂಕೋಜಿ ದೇವಸ್ಥಾನದ ಕಡೆಗೆ ರೋಪ್‌ವೇ ಇದೆ. ಹತ್ತುವಾಗ ಅದರಲ್ಲಿ ಹೋದೆ, ಇಳಿಯುವಾಗ ನಡೆದೆ. ದಾರಿಯಲ್ಲಿ ತೆನ್ನೇಜಿ ದೇವಸ್ಥಾನದ ಗೋಪುರ, 1388ರದ್ದು. ಮೊದಲು ಐದು ಅಂತಸ್ತಿತ್ತು. ಮೇಲಿನವು ಹಾಳಾಗಿ 1692ರಲ್ಲಿ ಮೂರಕ್ಕೆ ಇಳಿಸಿದರು. ಅದರ ತಲೆಯ ಮೇಲಿಂದಲೇ ಸಮುದ್ರ ಕಾಣುತ್ತದೆ.

ಎಡವಟ್ಟಾಗಿದ್ದು ಅದರ ಕೆಳಗೆ. ಆ ಗಲ್ಲಿಗಳಿಗೆ ಕಾರು ಹೋಗಲ್ಲ. ಫ್ರಿಜ್ ಬೇಕಾದರೂ ಹೊತ್ತೇ ಹತ್ತಬೇಕು. ವಯಸ್ಸಾದವರು ಒಬ್ಬೊಬ್ಬರೇ ಹೋದರು, ಮನೆಗಳು ಖಾಲಿಯಾದವು. ಒಡೆದು ಹೊಸದು ಕಟ್ಟೋಣ ಅಂದರೆ, ಸರಿಯಾದ ರಸ್ತೆ ಇಲ್ಲದ ಜಾಗದಲ್ಲಿ ಕಾನೂನು ಬಿಡಲ್ಲ. ಒಂದು ಮನೆಯ ಗಾಜಿನ ಬಾಗಿಲಲ್ಲಿ ಇಣುಕಿದೆ. ಎರಡು ಜೊತೆ ಚಪ್ಪಲಿ, ಮೂತಿ ಹೊರಗೆ ಮಾಡಿ ಜೋಡಿಸಿಟ್ಟಿದ್ದವು. ಮೇಲೆ ಬೂದಿಯಂಥ ದೂಳು.

ಪಾಪ ಅನಿಸಬೇಕಿತ್ತು, ಅಲ್ವಾ? ನಾನು ಒಲೆ ಎಲ್ಲಿಡಬಹುದು, ಕರಿಬೇವಿನ ಕುಂಡಕ್ಕೆ ಬಿಸಿಲು ಎಲ್ಲಿ ಬೀಳುತ್ತದೆ ಅಂತ ನೋಡುತ್ತಿದ್ದೆ. ರಾತ್ರಿ ನಗರಸಭೆಯ ಖಾಲಿ ಮನೆಗಳ ಪಟ್ಟಿ ಬೇರೆ ಹುಡುಕಿದೆ. 'ಇನ್ನೆರಡು ವರ್ಷ, ಬಂದುಬಿಡ್ತೀನಿ' ಅಂತ ಅಮ್ಮನಿಗೆ ಹೇಳುತ್ತಲೇ ಇರುತ್ತೇನಲ್ಲ, ಆ ಮಾತು ಯಾವಾಗ ಬರೀ ಬಾಯಿಪಾಠ ಆಯಿತೋ! ಅಮ್ಮನ ನಂತರ ನಮ್ಮನೆ ಬೀಗ ತೆಗೆಯುವವರು ಯಾರು ಅಂತ ಯೋಚನೆ ಬಂದು ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದು ಏನು ಮಾಡಿದೆ ಗೊತ್ತಾ? ಮತ್ತೆ ಅದೇ ಪಟ್ಟಿ ತೆಗೆದೆ. ವಾಪಸ್ ಬರುವ ಮನಸ್ಸು ನನಗಿಲ್ಲ ಮಂಜ. ಬಹಳ ದಿನದಿಂದ ಇಲ್ಲ ಅನಿಸುತ್ತೆ.

ಅಯ್ಯೋ, ಇದನ್ನು ಓದುವವರಲ್ಲಿ ನಮ್ಮ ಚಿಕ್ಕಮ್ಮನೂ ಇದ್ದಾರೆ. ಚಿಕ್ಕಮ್ಮ, ಸುಮ್ನೆ ತಮಾಷೆಗೆ ಬರೆದೆ, ಅಮ್ಮನಿಗೆ ಫೋನ್ ಮಾಡಬೇಡಿ. ಅಕ್ಕಿ ಮೂಟೆ ಹೊತ್ತು ಆ ಮೆಟ್ಟಿಲು ಹತ್ತುವ ಗಂಡಸು ನಾನಲ್ಲ ಅನ್ನೋದು ನಿಮಗೂ ಗೊತ್ತು.

ಮಂಜ, ಇಲ್ಲಿನ ರಾಮೆನ್ ನೂಡಲ್ಸ್ ಭಾರೀ ಫೇಮಸ್ಸು. ಸೋಯಾ ಸಾರಿನ ಮೇಲೆ ಹಂದಿ ಕೊಬ್ಬಿನ ತುಣುಕು ತೇಲುತ್ತಿರುತ್ತೆ. ತಿಂದೆನೋ ಇಲ್ಲವೋ, ಅದನ್ನು ಮಾತ್ರ ಫೋನಲ್ಲಿ ಹೇಳ್ತೀನಿ.

ಇಂತಿ,
ನಿನ್ನ ಅರ್ಧ ಟಿಕೆಟ್