ಪಾಪ್-ಅಪ್ ಕ್ಯಾಂಪರ್‌ಗಳ ಬದಲು ಟ್ರಾವೆಲ್ ಟ್ರೇಲರ್‌ಗಳು: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಸಾದರ ನಮಸ್ಕಾರಗಳು.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ಹೋಸೆ ಸುತ್ತಮುತ್ತಲಿನ ಕೆಲವು ಕನ್ನಡ ಕುಟುಂಬಗಳು ಸೇರಿ ನಡೆಸುತ್ತಿರುವ ನಮ್ಮ ಸಹಕಾರಿ ಬಾಡಿಗೆ ಸಂಸ್ಥೆಯು ಆರಂಭದಿಂದಲೂ ಬಟ್ಟೆಯ ಗೋಡೆಗಳನ್ನು ಮಡಚಿ ಕಾರಿನ ಹಿಂದೆ ಎಳೆದೊಯ್ಯುವ ಪಾಪ್-ಅಪ್ ಕ್ಯಾಂಪರ್‌ಗಳನ್ನೇ ಬಾಡಿಗೆಗೆ ಕೊಡುತ್ತ ಬಂದಿದೆ. ಬರುವ ಏಪ್ರಿಲ್‌ನಿಂದ ಅವುಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡು, ಮಿಕ್ಕವುಗಳ ಜಾಗದಲ್ಲಿ ಗಟ್ಟಿ ಗೋಡೆಯ ಟ್ರಾವೆಲ್ ಟ್ರೇಲರ್‌ಗಳನ್ನು ತರುತ್ತಿದ್ದೇವೆ. ಇದಕ್ಕೆ ಕಾರಣವೇನು, ಇದರಿಂದ ತಮ್ಮ ಪ್ರವಾಸದ ಸಿದ್ಧತೆಯಲ್ಲಿ ಏನೇನು ಬದಲಾಗುತ್ತದೆ ಎಂಬುದನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯ. ಎಲ್ಲಕ್ಕಿಂತ ಮುಖ್ಯವಾದುದನ್ನು ಮೊದಲೇ ಹೇಳಿಬಿಡುತ್ತೇವೆ: ಇಲ್ಲಿಯವರೆಗೆ ನಮ್ಮ ಪಾಪ್-ಅಪ್ ಎಳೆದ ಕಾರುಗಳಲ್ಲಿ ಹಲವು ಹೊಸ ಟ್ರೇಲರನ್ನು ಎಳೆಯಲಾರವು. ಆದ್ದರಿಂದ ದಿನಾಂಕ ಗೊತ್ತುಮಾಡುವ ಮೊದಲು ದಯವಿಟ್ಟು ಈ ಪತ್ರವನ್ನು ಪೂರ್ತಿ ಓದಬೇಕು.

ಬದಲಾವಣೆಗೆ ಮೊದಲ ಕಾರಣ ಕರಡಿ. ನಮ್ಮ ಗ್ರಾಹಕರಲ್ಲಿ ಹೆಚ್ಚಿನವರು ಹೋಗುವ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಬಟ್ಟೆಯ ಗೋಡೆಯಿರುವ ಕ್ಯಾಂಪರನ್ನು ಟೆಂಟಿನ ಲೆಕ್ಕಕ್ಕೇ ಸೇರಿಸುತ್ತಾರೆ. ಅಂದರೆ ಆಹಾರ ಮಾತ್ರವಲ್ಲದೆ ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ ಮುಂತಾಗಿ ವಾಸನೆಯಿರುವ ಪ್ರತಿಯೊಂದನ್ನೂ ಕ್ಯಾಂಪಿನ ಲೋಹದ ಬೇರ್ ಲಾಕರ್‌ನಲ್ಲಿಟ್ಟು ಚಿಲಕ ಹಾಕಬೇಕು. ಕತ್ತಲಾದ ಮೇಲೆ ಕಾರಿನಲ್ಲೂ ಇಡುವಂತಿಲ್ಲ. ಅಲ್ಲಿನ ಹೆಚ್ಚಿನ ಲಾಕರ್‌ಗಳು 45 ಇಂಚು ಅಗಲ, 33 ಇಂಚು ಆಳ ಮತ್ತು ಕೇವಲ 18 ಇಂಚು ಎತ್ತರ ಇರುತ್ತವೆ. ಐದಾರು ಜನರ ಮನೆಯ ಅಕ್ಕಿ, ಬೇಳೆ, ಹುಳಿಪುಡಿ, ತುಪ್ಪ, ಉಪ್ಪಿನಕಾಯಿ, ಚಕ್ಕುಲಿ ಡಬ್ಬ, ಹಾಲು-ಮೊಸರಿನ ಕೂಲರ್ ಇವೆಲ್ಲವನ್ನೂ ಆ ಎತ್ತರದೊಳಗೆ ಜೋಡಿಸುವುದು ಎಷ್ಟು ಕಷ್ಟವೆಂದು ಹೋಗಿಬಂದವರಿಗೆ ಗೊತ್ತು. ಎತ್ತರದ ಕೂಲರ್ ಒಳಗೆ ಹೋಗುವುದೇ ಇಲ್ಲ. ರಾತ್ರಿ ಎರಡು ಗಂಟೆಗೆ ಮಗುವಿಗೆ ಹಾಲು ಬೇಕಾದರೆ ಟಾರ್ಚ್ ಹಿಡಿದು ಹೊರಗೆ ಬಂದು, ಚಿಲಕ ತೆಗೆದು, ಹಾಲು ತೆಗೆದುಕೊಂಡು, ಮತ್ತೆ ಚಿಲಕ ಹಾಕಿ ಬರಬೇಕು. ಗಟ್ಟಿ ಗೋಡೆಯ ಟ್ರೇಲರ್‌ನಲ್ಲಾದರೆ, ಆಹಾರವು ಹೊರಗೆ ಕಾಣದಂತೆ ಇದ್ದು ಕಿಟಕಿ-ಬಾಗಿಲು ಭದ್ರವಾಗಿ ಮುಚ್ಚಿದ್ದರೆ, ಅದನ್ನು ಒಳಗೇ ಇಟ್ಟುಕೊಳ್ಳಲು ಅನುಮತಿ ಇದೆ. ಕಾರಿನ ವಿಷಯದಲ್ಲಿ ಮಾತ್ರ ನಿಯಮ ಬದಲಾಗುವುದಿಲ್ಲ. ಯೆಲ್ಲೋಸ್ಟೋನ್‌ಗೆ ಹೋಗಬೇಕೆಂದಿರುವವರಿಗೆ ಇನ್ನೊಂದು ಮಾತು: ಆ ಉದ್ಯಾನದಲ್ಲಿ ನೀರು, ವಿದ್ಯುತ್, ಒಳಚರಂಡಿ ಮೂರರ ಸಂಪರ್ಕವೂ ಇರುವ ಒಂದೇ ಕ್ಯಾಂಪ್ ಫಿಶಿಂಗ್ ಬ್ರಿಜ್, ಮತ್ತು ಕರಡಿಗಳ ಓಡಾಟದಿಂದಾಗಿ ಅಲ್ಲಿಗೆ ಪಾಪ್-ಅಪ್‌ಗಳಿಗೂ ಟೆಂಟ್‌ಗಳಿಗೂ ಪ್ರವೇಶವೇ ಇಲ್ಲ.

ಎರಡನೆಯ ಕಾರಣ ನಮ್ಮ ಮನೆಗಳ ಹಿರಿಯರು. ಊರಿನಿಂದ ತಂದೆ-ತಾಯಿ ಅಥವಾ ಅತ್ತೆ-ಮಾವ ಬರುವುದು ಸಾಮಾನ್ಯವಾಗಿ ಬೇಸಿಗೆಯಲ್ಲಿ, ಮತ್ತು ಅವರು ಬಂದಾಗಲೇ ನಮ್ಮಲ್ಲಿ ಬಾಡಿಗೆಗೆ ಹೆಚ್ಚು ಬೇಡಿಕೆ. ಪಾಪ್-ಅಪ್‌ನ ಹಾಸಿಗೆಗಳು ಎರಡು ತುದಿಗಳಲ್ಲಿ ಹೊರಕ್ಕೆ ಚಾಚಿಕೊಂಡು, ಸೊಂಟದೆತ್ತರದಲ್ಲಿ ಇರುತ್ತವೆ; ಮಂಡಿನೋವಿರುವವರು ಅಲ್ಲಿಗೆ ಹತ್ತಿ ಇಳಿಯಲು ಎಷ್ಟು ಒದ್ದಾಡುತ್ತಾರೆಂಬುದನ್ನು ನಮ್ಮ ಸದಸ್ಯರ ಮನೆಗಳಲ್ಲೇ ಕಂಡಿದ್ದೇವೆ. ನಮ್ಮ ಪಾಪ್-ಅಪ್‌ಗಳಲ್ಲಿ ಶೌಚಾಲಯವೂ ಇಲ್ಲ. ಯೊಸೆಮಿಟಿಯೊಳಗೆ 8,600 ಅಡಿ ಎತ್ತರದಲ್ಲಿರುವ ತುವೊಲಮಿ ಮೆಡೋಸ್‌ನಲ್ಲಿ ಜುಲೈ ತಿಂಗಳಲ್ಲೂ ಕೆಲವು ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇರುತ್ತದೆ. ಆ ಚಳಿಯಲ್ಲಿ ಎಪ್ಪತ್ತು ದಾಟಿದ ಹಿರಿಯರು ನಡುರಾತ್ರಿ ಎದ್ದು, ಶಾಲು ಹೊದ್ದು, ಬೇರುಗಳು ಎದ್ದಿರುವ ನೆಲದ ಮೇಲೆ ಸಾರ್ವಜನಿಕ ಶೌಚಾಲಯದವರೆಗೆ ನಡೆದುಹೋಗಬೇಕು ಎನ್ನುವುದನ್ನು ನಾವು ಇನ್ನು ಒಪ್ಪಲಾರೆವು. ಈ ಒಂದು ಕಾರಣ ಸಾಕಾಗಿತ್ತು ಎಂದೇ ನಮ್ಮ ಅಭಿಪ್ರಾಯ.

ಮೂರನೆಯದು ಕ್ಯಾನ್ವಾಸ್. ಮಳೆಯಲ್ಲಿ ಅಥವಾ ಬೆಳಗಿನ ಇಬ್ಬನಿಯಲ್ಲಿ ಮಡಚಿದ ಪಾಪ್-ಅಪ್ ಅನ್ನು ಮನೆಗೆ ಬಂದ ಒಂದೆರಡು ದಿನಗಳಲ್ಲಿ ಪೂರ್ತಿ ಬಿಡಿಸಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಹೊಲಿಗೆಯ ಸಾಲಿನಲ್ಲಿ ಮೊದಲು ಸಾಸಿವೆ ಗಾತ್ರದ ಕಪ್ಪು ಚುಕ್ಕೆಗಳು ಕಾಣಿಸಿಕೊಂಡು, ಆಮೇಲೆ ಇಡೀ ಅಂಚಿಗೆ ಹರಡುತ್ತವೆ; ಒಮ್ಮೆ ಹಿಡಿದ ಬೂಷ್ಟಿನ ವಾಸನೆ ಎಷ್ಟು ತೊಳೆದರೂ ಪೂರ್ತಿಯಾಗಿ ಹೋಗುವುದಿಲ್ಲ. ಸೋಮವಾರ ಹಿಂದಿರುಗಿದ ಕ್ಯಾಂಪರ್ ಶುಕ್ರವಾರ ಮತ್ತೊಂದು ಮನೆಗೆ ಹೋಗಬೇಕಾದಾಗ ಒಣಗಿಸುವ ಕೆಲಸವೆಲ್ಲ ನಮ್ಮ ಅಂಗಳದಲ್ಲೇ ಆಗಬೇಕು, ಮತ್ತು ಏಪ್ರಿಲ್-ಮೇ ತಿಂಗಳ ಮೋಡದಲ್ಲಿ ಅದು ಯಾವಾಗಲೂ ಆಗುವ ಮಾತಲ್ಲ. ಇದರ ಜೊತೆಗೆ ಛಾವಣಿ ಎತ್ತುವ ಕೇಬಲ್‌ಗಳು, ರಾಟೆಗಳು, ಕೈಯಿಂದ ತಿರುಗಿಸುವ ವಿಂಚ್ ಇವು ಸವೆಯುತ್ತಲೇ ಇರುತ್ತವೆ, ಹಳೆಯ ಮಾದರಿಗಳಿಗೆ ಬಿಡಿಭಾಗ ಸಿಗುವುದೂ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ.

ಕಾಡ್ಗಿಚ್ಚಿನ ಹೊಗೆಯನ್ನೂ ನಾವು ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ. 2020ರ ಸೆಪ್ಟೆಂಬರ್‌ನಲ್ಲಿ ಹೊಗೆಯ ಕಾರಣದಿಂದ ಯೊಸೆಮಿಟಿ ಉದ್ಯಾನವನ್ನೇ ಕೆಲವು ದಿನ ಮುಚ್ಚಲಾಗಿತ್ತು. ಗಟ್ಟಿ ಗೋಡೆಯ ಟ್ರೇಲರ್ ಹೊಗೆಯನ್ನು ಸಂಪೂರ್ಣವಾಗಿ ತಡೆಯುವುದಿಲ್ಲವಾದರೂ, ಬಟ್ಟೆಯ ಗೋಡೆಗಿಂತ ಎಷ್ಟೋ ಮೇಲು.

ಪಾಪ್-ಅಪ್‌ನಿಂದ ಸಿಗುತ್ತಿದ್ದ ಸುಖಗಳು ಇದರಲ್ಲಿ ಇಲ್ಲ ಎಂಬುದನ್ನೂ ಹೇಳಲೇಬೇಕು. ಮೂರು ಕಡೆಯ ಜಾಲರಿ ಕಿಟಕಿಗಳನ್ನು ತೆರೆದು ಮಲಗಿದರೆ ಯೊಸೆಮಿಟಿಯ ಮರ್ಸೆಡ್ ನದಿಯ ಸದ್ದು ಹಾಸಿಗೆಯ ಪಕ್ಕದಲ್ಲೇ ಇದ್ದಂತೆ ಕೇಳುತ್ತಿತ್ತು. ಮಡಚಿದಾಗ ತಗ್ಗಾಗಿರುವುದರಿಂದ ಹಿಂದಿನ ರಸ್ತೆ ಕನ್ನಡಿಯಲ್ಲಿ ಕಾಣುತ್ತಿತ್ತು, ಗಾಳಿಯ ತಡೆ ಕಡಿಮೆಯಿತ್ತು, ಮೈಲೇಜ್ ಅಷ್ಟಾಗಿ ಇಳಿಯುತ್ತಿರಲಿಲ್ಲ. ಈ ಗುಣಗಳಿಗಾಗಿಯೇ ಎರಡು ಪಾಪ್-ಅಪ್‌ಗಳನ್ನು ಉಳಿಸಿಕೊಂಡಿದ್ದೇವೆ. ಹಗುರ ವಾಹನ ಇರುವವರು ಹಾಫ್ ಮೂನ್ ಬೇ ಕಡೆಯ ಕಡಲತೀರದ ಕ್ಯಾಂಪ್‌ಗಳಿಗೆ ಅವುಗಳನ್ನು ಒಯ್ಯುವುದು ಸೂಕ್ತ.

ಇನ್ನು ತೂಕದ ವಿಷಯ. ಇಲ್ಲಿ ತಮ್ಮ ಪೂರ್ಣ ಗಮನವನ್ನು ಕೋರುತ್ತೇವೆ, ಏಕೆಂದರೆ ಕುಟುಂಬದ ಸುರಕ್ಷತೆ ಇದರ ಮೇಲೆ ನಿಂತಿದೆ. ನಮ್ಮ ಪಾಪ್-ಅಪ್‌ಗಳು ಖಾಲಿಯಿದ್ದಾಗ ಸುಮಾರು 2,000 ಪೌಂಡ್ ತೂಗುತ್ತಿದ್ದವು. ಹೊಸ ಟ್ರೇಲರ್ ಖಾಲಿಯಿದ್ದಾಗಲೇ ಸುಮಾರು 3,700 ಪೌಂಡ್. ಕಂಪನಿಗಳ ಕರಪತ್ರದಲ್ಲಿ ದೊಡ್ಡದಾಗಿ ಮುದ್ರಿಸುವುದು ಈ ಖಾಲಿ ತೂಕವನ್ನೇ. ಅದನ್ನು ನಂಬಿ ಯಾರೂ ಹೊರಡಬಾರದು. ಒಂದು ಗ್ಯಾಲನ್ ನೀರು 8.3 ಪೌಂಡ್‌ಗೂ ಸ್ವಲ್ಪ ಹೆಚ್ಚು ತೂಗುವುದರಿಂದ 40 ಗ್ಯಾಲನ್ ತುಂಬಿದರೆ 330 ಪೌಂಡ್ ದಾಟುತ್ತದೆ. ಪ್ರೊಪೇನ್, ಬ್ಯಾಟರಿ, ಹಾಸಿಗೆ-ಹೊದಿಕೆ, ಪಾತ್ರೆ, ದಿನಸಿ, ಕುರ್ಚಿಗಳು ಸೇರಿದರೆ ರಸ್ತೆಗಿಳಿಯುವ ಹೊತ್ತಿಗೆ ಟ್ರೇಲರ್ 4,500 ಪೌಂಡ್ ಮುಟ್ಟುತ್ತದೆ. ನಮ್ಮ ಗ್ರಾಹಕರಲ್ಲಿ ಹಲವರ ಬಳಿ ಇರುವ ಹೊಂಡಾ ಒಡಿಸ್ಸಿ, ಟೊಯೊಟಾ ಸಿಯೆನ್ನಾ ಮತ್ತು ಟೆಸ್ಲಾ ಮಾಡೆಲ್ ವೈ ವಾಹನಗಳ ಎಳೆಯುವ ಮಿತಿ 3,500 ಪೌಂಡ್. ಈ ವಾಹನಗಳಿಗೆ ಹೊಸ ಟ್ರೇಲರನ್ನು ನಾವು ಜೋಡಿಸಿ ಕೊಡುವುದಿಲ್ಲ. ಹೊಂಡಾ ಪೈಲಟ್‌ನಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಮಾದರಿಗೆ 5,000 ಪೌಂಡ್ ಮಿತಿಯಿದೆ, ಮುಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುವ ಮಾದರಿಗೆ 3,500. ಒಂದೇ ಹೆಸರಿನ ಕಾರುಗಳಲ್ಲೂ ಹೀಗೆ ವ್ಯತ್ಯಾಸವಿರುವುದರಿಂದ ತಮ್ಮ ಕಾರಿನ ಮಾಲೀಕರ ಕೈಪಿಡಿಯನ್ನೇ ನೋಡಬೇಕು.

ಎಳೆಯುವ ಮಿತಿ ಸಾಕಷ್ಟಿದ್ದರೂ ಕೆಲಸ ಮುಗಿಯಲಿಲ್ಲ. ಚಾಲಕನ ಬಾಗಿಲು ತೆರೆದಾಗ ಚೌಕಟ್ಟಿನ ಮೇಲೆ ಕಾಣುವ ಹಳದಿ-ಬಿಳಿ ಚೀಟಿಯಲ್ಲಿ, ಜನರೂ ಸಾಮಾನೂ ಸೇರಿ ಆ ಕಾರು ಎಷ್ಟು ಭಾರ ಹೊರಬಲ್ಲದು ಎಂದು ಬರೆದಿರುತ್ತದೆ. ಉದಾಹರಣೆಗೆ ಅದು 1,400 ಪೌಂಡ್ ಎಂದಿಟ್ಟುಕೊಳ್ಳೋಣ. ಐದು ಜನರ ತೂಕ 750 ಪೌಂಡ್ ಕಳೆದರೆ 650 ಉಳಿಯುತ್ತದೆ. ಟ್ರೇಲರ್‌ನ ಮೂತಿ ಕಾರಿನ ಹಿಚ್ (ಟ್ರೇಲರ್ ಜೋಡಿಸುವ ಕೊಂಡಿ) ಮೇಲೆ ಹಾಕುವ ಭಾರ ಟ್ರೇಲರ್‌ನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಇರಬೇಕು. 4,500 ಪೌಂಡಿಗೆ ಶೇಕಡಾ 12ರಂತೆ ಹಿಡಿದರೆ 540 ಪೌಂಡ್. ಉಳಿದದ್ದು 110. ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ವಿಶೇಷ ಹಿಚ್‌ನದೇ ತೂಕ ಸುಮಾರು 80 ಪೌಂಡ್. ಕೊನೆಗೆ ಕಾರಿನಲ್ಲಿ 30 ಪೌಂಡ್ ಸಾಮಾನಿಗೆ ಮಾತ್ರ ಜಾಗ, ಅಂದರೆ ಒಂದು ಅಕ್ಕಿ ಚೀಲ ಮತ್ತು ಕುಕ್ಕರ್. ಮೂತಿಯ ಭಾರ ಕಡಿಮೆ ಮಾಡೋಣವೆಂದು ಸಾಮಾನನ್ನೆಲ್ಲ ಟ್ರೇಲರ್‌ನ ಹಿಂಭಾಗಕ್ಕೆ ಸರಿಸುವುದು ಅತ್ಯಂತ ಅಪಾಯಕಾರಿ. ಹಾಗೆ ಮಾಡಿದಾಗಲೇ ಟ್ರೇಲರ್ ಹೆದ್ದಾರಿಯಲ್ಲಿ ಎಡಕ್ಕೂ ಬಲಕ್ಕೂ ತೂಗಾಡಲು ಶುರುಮಾಡುತ್ತದೆ. ಆದ್ದರಿಂದ ಬುಕಿಂಗ್ ಮಾಡುವಾಗ ಈ ಚೀಟಿಯ ಒಂದು ಫೋಟೋವನ್ನು ಕಳುಹಿಸಬೇಕೆಂದು ಕೋರುತ್ತೇವೆ. ಲೆಕ್ಕವನ್ನು ನಾವೇ ಮಾಡಿ ಉತ್ತರ ತಿಳಿಸುತ್ತೇವೆ. ಏಳು ಪಿನ್ನಿನ ವಿದ್ಯುತ್ ಸಾಕೆಟ್ ಮತ್ತು ಟ್ರೇಲರ್‌ನ ಬ್ರೇಕುಗಳನ್ನು ಕಾರಿನಿಂದಲೇ ನಿಯಂತ್ರಿಸುವ ಬ್ರೇಕ್ ಕಂಟ್ರೋಲರ್ ಕೂಡ ಕಾರಿನಲ್ಲಿ ಇರಲೇಬೇಕು.

ಚಾಲನಾ ಪರವಾನಗಿಯ ಬಗ್ಗೆ ಚಿಂತೆ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಕ್ಲಾಸ್ ಸಿ ಪರವಾನಗಿಯೇ ಸಾಕು. ಆದರೆ ಟ್ರೇಲರ್ ಎಳೆಯುವಾಗ ಈ ರಾಜ್ಯದಲ್ಲಿ ಗಂಟೆಗೆ 55 ಮೈಲಿಗಿಂತ ವೇಗವಾಗಿ ಹೋಗುವಂತಿಲ್ಲ. ಇದು ಪಾಪ್-ಅಪ್‌ಗೂ ಅನ್ವಯಿಸುತ್ತಿದ್ದ ನಿಯಮವೇ. ಹೊಸ ಟ್ರೇಲರ್‌ನ ಎತ್ತರ ಹತ್ತು ಅಡಿಗೂ ಹೆಚ್ಚು ಇರುವುದರಿಂದ ಡ್ರೈವ್-ಥ್ರೂಗಳಿಗೆ ನುಗ್ಗಬಾರದು. 120ನೇ ಹೆದ್ದಾರಿಯಲ್ಲಿ ಯೊಸೆಮಿಟಿಗೆ ಹೋಗುವವರು ಗ್ರೋವ್‌ಲ್ಯಾಂಡ್‌ಗೆ ಮೊದಲು ಸಿಗುವ ಓಲ್ಡ್ ಪ್ರೀಸ್ಟ್ ಗ್ರೇಡ್ ರಸ್ತೆಯನ್ನು, ಫೋನಿನ ನಕ್ಷೆ ಅದೇ ಹತ್ತಿರವೆಂದು ತೋರಿಸಿದರೂ, ಹಿಡಿಯಬಾರದು. ವಾಪಸು ಬರುವಾಗ ಕಡಿದಾದ ಆ ಇಳಿಜಾರಿನಲ್ಲಿ ಬ್ರೇಕುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಸುತ್ತಾದರೂ ಹೊಸ ರಸ್ತೆಯಲ್ಲೇ ಹೋಗಬೇಕು. ಸಿಕೋಯಾ ಉದ್ಯಾನದ ಮಿನರಲ್ ಕಿಂಗ್ ರಸ್ತೆಯಲ್ಲಿ ಟ್ರೇಲರ್‌ಗಳಿಗೆ ಅವಕಾಶವಿಲ್ಲ. ಯೊಸೆಮಿಟಿ ಕಣಿವೆಯ ಅಪ್ಪರ್ ಪೈನ್ಸ್ ಕ್ಯಾಂಪಿನಲ್ಲಿ ಟ್ರೇಲರ್‌ಗಳ ಉದ್ದದ ಮಿತಿ 24 ಅಡಿ. ಅದನ್ನು ನೋಡಿಯೇ ನಾವು ಮೂತಿಯಿಂದ ಹಿಂದಿನ ಬಂಪರ್‌ವರೆಗೆ ಅಳೆದರೆ 22 ಅಡಿ ಮೀರದ ಮಾದರಿಯನ್ನು ಆರಿಸಿದ್ದೇವೆ.

ಒಳಗಿನ ಬಳಕೆಯ ಬಗ್ಗೆ ಕೆಲವು ಕೋರಿಕೆಗಳಿವೆ. ಯೊಸೆಮಿಟಿಯ ಕ್ಯಾಂಪ್‌ಗಳಲ್ಲಿ ವಿದ್ಯುತ್ ಸಂಪರ್ಕವಿಲ್ಲ. ದೀಪ, ನೀರಿನ ಪಂಪು, ಹೀಟರ್‌ನ ಫ್ಯಾನ್ ಇವು ಬ್ಯಾಟರಿಯಿಂದ ನಡೆಯುತ್ತವೆ, ಆದರೆ ಏರ್ ಕಂಡಿಷನರ್ ಮತ್ತು ಮಿಕ್ಸಿ ನಡೆಯುವುದಿಲ್ಲ. ಚಟ್ನಿಯನ್ನು ಮನೆಯಲ್ಲೇ ರುಬ್ಬಿಕೊಂಡು ತರುವುದು ಒಳ್ಳೆಯದು. ಒಳಗಿನ ಒಲೆಯಲ್ಲಿ ಅನ್ನ, ಸಾರು, ಉಪ್ಪಿಟ್ಟು ಧಾರಾಳವಾಗಿ ಮಾಡಬಹುದು, ಆದರೆ ಒಲೆ ಹಚ್ಚಿದಾಗ ಛಾವಣಿಯ ಗಾಳಿಕಿಂಡಿಯನ್ನೂ ಒಂದು ಕಿಟಕಿಯನ್ನೂ ತೆರೆದಿಡಲೇಬೇಕು; ಮುಚ್ಚಿದ ಟ್ರೇಲರ್‌ನಲ್ಲಿ ಪ್ರೊಪೇನ್ ಒಲೆಯಿಂದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುವ ಅಪಾಯವಿದೆ. ಕರಿಯುವುದನ್ನೂ ಮೆಣಸಿನಕಾಯಿ ಒಗ್ಗರಣೆಯನ್ನೂ ಹೊರಗಿನ ಒಲೆಯಲ್ಲಿ ಮಾಡಿ. ಅದರ ಘಾಟು ಮೆತ್ತೆಗಳಲ್ಲಿ ಕುಳಿತರೆ ಮುಂದಿನ ಕುಟುಂಬಕ್ಕೆ ತೊಂದರೆ.

ಶೌಚಾಲಯದ ತೊಟ್ಟಿಗೆ ವೆಟ್ ವೈಪ್ಸ್ ಹಾಕಬಾರದು. ಬೇಗ ಕರಗುವ ಕಾಗದವನ್ನು ನಾವೇ ಕೊಡುತ್ತೇವೆ. ನೀರು ಬಳಸುವ ನಮ್ಮ ಪದ್ಧತಿಯಿಂದ ತೊಟ್ಟಿಗೆ ಒಳ್ಳೆಯದೇ, ಏಕೆಂದರೆ ನೀರು ಕಡಿಮೆಯಾದಾಗಲೇ ತೊಟ್ಟಿಯೊಳಗಿನ ಕೊಳೆ ಗಟ್ಟಿಯಾಗಿ ಕಟ್ಟಿಕೊಳ್ಳುವುದು. ಆದರೆ 30 ಗ್ಯಾಲನ್ ತೊಟ್ಟಿ ನಿರೀಕ್ಷೆಗಿಂತ ಬೇಗ ತುಂಬುತ್ತದೆ ಎಂಬುದು ನೆನಪಿರಲಿ. ಪಾತ್ರೆ ತೊಳೆದ ನೀರನ್ನೂ ನೆಲಕ್ಕೆ ಬಿಡುವಂತಿಲ್ಲ. ಯೊಸೆಮಿಟಿ ಕಣಿವೆಯಲ್ಲಿ ತೊಟ್ಟಿ ಖಾಲಿ ಮಾಡುವ ಜಾಗ ಅಪ್ಪರ್ ಪೈನ್ಸ್ ಕ್ಯಾಂಪಿನ ಬಳಿ ಇದೆ. ಪೈಪ್ ಜೋಡಿಸಿ, ಮೊದಲು ಶೌಚದ ತೊಟ್ಟಿಯ ಕವಾಟವನ್ನೂ ಆಮೇಲೆ ಪಾತ್ರೆ ತೊಳೆದ ನೀರಿನ ಕವಾಟವನ್ನೂ ತೆರೆದರೆ ಎರಡನೆಯ ನೀರೇ ಪೈಪನ್ನು ತೊಳೆಯುತ್ತದೆ. ಇದನ್ನು ಟ್ರೇಲರ್ ಒಪ್ಪಿಸುವ ಮೊದಲು ಕೈಗವಸು ಸಮೇತ ತೋರಿಸಿಕೊಡುತ್ತೇವೆ.

ಮೊದಲ ಬಾರಿಗೆ ಒಯ್ಯುವವರು ಹಿಂದಿನ ವಾರಾಂತ್ಯದಲ್ಲಿ ನಮ್ಮ ಅಂಗಳಕ್ಕೆ ಬಂದು, ಖಾಲಿ ಜಾಗದಲ್ಲಿ ಟ್ರೇಲರನ್ನು ಹಿಂದಕ್ಕೆ ತೆಗೆಯುವ ಅಭ್ಯಾಸ ಮಾಡಲೇಬೇಕು. ಇದಕ್ಕೆ ಶುಲ್ಕವಿಲ್ಲ, ವಿನಾಯಿತಿಯೂ ಇಲ್ಲ. ಪ್ರವಾಸಕ್ಕೆ ಬರುವ ಇನ್ನೊಬ್ಬರೂ ಜೊತೆಗೆ ಬರಲಿ. ಕ್ಯಾಂಪಿನಲ್ಲಿ ಕತ್ತಲಾಗುವ ಹೊತ್ತಿಗೆ ಹಿಂದೆ ನಿಂತು ಕೈಸನ್ನೆ ಮಾಡುವವರು ಅವರೇ.

ವಾಹನದ ಮಿತಿ ಸಾಲದವರಿಗಾಗಿ ಹೊಸ ವ್ಯವಸ್ಥೆ ಮಾಡಿದ್ದೇವೆ. ಗ್ರೋವ್‌ಲ್ಯಾಂಡ್, ಮರಿಪೋಸಾ ಮತ್ತು ಹಾಫ್ ಮೂನ್ ಬೇ ಸುತ್ತಲಿನ ಖಾಸಗಿ ಕ್ಯಾಂಪ್‌ಗಳಿಗೆ ನಮ್ಮ ಟ್ರಕ್ಕಿನಲ್ಲೇ ಟ್ರೇಲರ್ ಎಳೆದು ತಂದು, ಮಟ್ಟ ಮಾಡಿ, ನೀರು ತುಂಬಿಸಿ ನಿಲ್ಲಿಸುತ್ತೇವೆ. ವಾಪಸು ಒಯ್ಯುವವರೂ ನಾವೇ. ರಾಷ್ಟ್ರೀಯ ಉದ್ಯಾನಗಳ ಒಳಗೆ ವಾಣಿಜ್ಯ ಸೇವೆಗೆ ಪ್ರತ್ಯೇಕ ಅನುಮತಿ ಬೇಕಾಗುವುದರಿಂದ ಸದ್ಯ ಅಲ್ಲಿಗೆ ಈ ಸೇವೆ ಇಲ್ಲ.

ಬಾಡಿಗೆ ಮತ್ತು ಠೇವಣಿ ಎರಡೂ ಹೆಚ್ಚಾಗುತ್ತವೆ. ಹೊಸ ದರಪಟ್ಟಿಯನ್ನು ಲಗತ್ತಿಸಿದ್ದೇವೆ. ಟ್ರೇಲರ್‌ನ ಬೆಲೆ, ವಿಮೆ ಮತ್ತು ನಿಲ್ಲಿಸುವ ಜಾಗದ ಬಾಡಿಗೆ ಹೆಚ್ಚಿರುವುದೇ ಇದಕ್ಕೆ ಕಾರಣ. ಎಳೆಯುವಾಗ ಮೈಲೇಜ್ ಅರ್ಧದಷ್ಟಕ್ಕೆ ಇಳಿಯುವುದು ಸಾಮಾನ್ಯವಾದ್ದರಿಂದ ಪೆಟ್ರೋಲಿನ ಖರ್ಚನ್ನೂ ತಾವು ಲೆಕ್ಕ ಹಾಕಿಕೊಳ್ಳಬೇಕು. ಕೊಳಾಯಿಗಳಲ್ಲಿ ನೀರು ಹೆಪ್ಪುಗಟ್ಟಿ ಒಡೆಯುವುದರಿಂದ ನವೆಂಬರ್‌ನಿಂದ ಮಾರ್ಚ್‌ವರೆಗೆ ಟ್ರೇಲರ್‌ಗಳನ್ನು ಬೆಟ್ಟದ ಕಡೆಗೆ ಕೊಡುವುದಿಲ್ಲ.

ಏಪ್ರಿಲ್ ನಂತರದ ದಿನಾಂಕಗಳಿಗೆ ಈಗಾಗಲೇ ಪಾಪ್-ಅಪ್ ಕಾದಿರಿಸಿದವರಿಗೆ ಮೂರು ದಾರಿಗಳಿವೆ: ಉಳಿದ ಎರಡು ಪಾಪ್-ಅಪ್‌ಗಳಲ್ಲಿ ಒಂದು ಆ ದಿನ ಲಭ್ಯವಿದ್ದರೆ ಅದನ್ನು ಹಳೆಯ ದರದಲ್ಲೇ ಪಡೆಯಬಹುದು, ವಾಹನ ಸೂಕ್ತವಾಗಿದ್ದರೆ ಟ್ರೇಲರನ್ನು ಹಳೆಯ ದರದಲ್ಲೇ ಒಯ್ಯಬಹುದು, ಅಥವಾ ಪೂರ್ತಿ ಹಣವನ್ನು ಹಿಂದಕ್ಕೆ ಪಡೆಯಬಹುದು. ತಮ್ಮ ಆಯ್ಕೆಯನ್ನು ಫೆಬ್ರವರಿ ಕೊನೆಯೊಳಗೆ ತಿಳಿಸಿದರೆ ಉಳಿದವರಿಗೆ ದಿನಾಂಕ ಹೊಂದಿಸಲು ಅನುಕೂಲವಾಗುತ್ತದೆ. ಉತ್ತರದ ಜೊತೆಗೆ ಕಾರಿನ ಬಾಗಿಲಿನ ಚೀಟಿಯ ಫೋಟೋ ಇರಲಿ.

ಇಂತಿ ತಮ್ಮ ವಿಶ್ವಾಸಿಗಳು,
ಸಂಸ್ಥೆಯ ಸದಸ್ಯ ಕುಟುಂಬಗಳ ಪರವಾಗಿ,
ಬಾಡಿಗೆ ಮತ್ತು ನಿರ್ವಹಣಾ ಸಮಿತಿ