ಫರ್ಮ್‌ವೇರ್ ಅಪ್‌ಡೇಟ್ ನಂತರ ಬಿಎಂಎಸ್ ಸೆಟ್ಟಿಂಗ್ ಎಲ್ಲ ಅಳಿಸಿಹೋದ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗ

ವಿಷಯ: ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆದ ಮೇಲೆ ನಿಮ್ಮ ಸ್ಮಾರ್ಟ್ ಬಿಎಂಎಸ್ (ಬ್ಯಾಟರಿಯ ಸೆಲ್‌ಗಳನ್ನು ಕಾಯುವ ಸಾಧನ) ನನ್ನ ಬ್ಯಾಟರಿಯನ್ನು ಬೇರೆ ಜಾತಿಯ ಬ್ಯಾಟರಿ ಅಂತ ತಿಳಿದುಕೊಂಡಿರುವುದು

ಮಾನ್ಯರೇ,

ಈ ವಿಷಯದಲ್ಲಿ ಇದು ನನ್ನ ನಾಲ್ಕನೇ ಪತ್ರ. ಹಿಂದಿನ ಮೂರಕ್ಕೂ ಬಂದದ್ದು ದೂರಿನ ನಂಬರ್ ಮಾತ್ರ. ಫೋನ್ ಮಾಡಿದಾಗ ನಿಮ್ಮವರು "ಅಪ್‌ಡೇಟ್ ಒತ್ತಿದ್ದು ನೀವೇ ಅಲ್ವಾ ಸರ್" ಅಂದರು. ಹೌದು, ನಾನೇ ಒತ್ತಿದ್ದು. ಆ್ಯಪ್ ತೆರೆದಾಗಲೆಲ್ಲ ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಿ ಅಂತ ತೋರಿಸುತ್ತಿದ್ದದ್ದು ನೀವು. ಅದನ್ನು ಹಾಕಿದರೆ ನಾನು ತುಂಬಿದ ಸೆಟ್ಟಿಂಗ್ ಎಲ್ಲ ಹೋಗುತ್ತೆ ಅಂತ ಒಂದು ಸಾಲಾದರೂ ಬರೆದಿದ್ದಿರಾ?

ನಮ್ಮದು ಸಾಗರದ ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ, ಒಂದೊಂದು ಸಲ ಮೂರು ದಿನ ಕರೆಂಟ್ ಇರುವುದಿಲ್ಲ. ಅಪ್ಪಯ್ಯನ ಇನ್ಸುಲಿನ್ ಫ್ರಿಜ್‌ನಲ್ಲಿ ಇರಬೇಕು. ಅದಕ್ಕೇ ಸಾಲ ಮಾಡಿ 51.2 ವೋಲ್ಟ್, 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿದೆ. 16 ಸೆಲ್. ಮನೆ ಹಳೆಯದು, ಮೇಲೆ ಮರದ ಮೆತ್ತು, ಅದರ ತುಂಬ ಒಣಗಿದ ಅಡಿಕೆ ಮೂಟೆ. ಬೆಂಕಿಯ ಭಯ ಕಡಿಮೆ ಅಂತಲೇ ಈ ಜಾತಿಯ ಸೆಲ್ ಆರಿಸಿದ್ದು, ಒಂದೊಂದು ಸೆಲ್ಲನ್ನೂ ಫೋನ್‌ನಲ್ಲೇ ನೋಡಬಹುದು ಅಂತಲೇ ನಿಮ್ಮ ಬಿಎಂಎಸ್ ಕೇಳಿ ಹಾಕಿಸಿದ್ದು. ಒಂದೂವರೆ ವರ್ಷ ಅದು ಚೆನ್ನಾಗಿಯೇ ಕೆಲಸ ಮಾಡಿತು. ಫುಲ್ ಚಾರ್ಜ್ ಆದಾಗಲೂ 16 ಸೆಲ್‌ಗಳ ನಡುವೆ 15 ಮಿಲಿವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಕಂಡಿರಲಿಲ್ಲ. ಅಕ್ಕಪಕ್ಕದ ಇಬ್ಬರಿಗೆ ಇದನ್ನೇ ಹಾಕಿಸಿ ಅಂತ ನಾನೇ ಹೇಳಿದ್ದೆ.

ಜೂನ್ ಮಧ್ಯದಲ್ಲಿ ಅಪ್‌ಡೇಟ್ ಹಾಕಿದೆ. ಬ್ಲೂಟೂತ್‌ನಲ್ಲಿ ಐದಾರು ನಿಮಿಷ ಹಿಡಿಯಿತು, ಯಶಸ್ವಿ ಅಂತ ಬಂತು, ಆ್ಯಪ್ ಮುಚ್ಚಿ ತೋಟಕ್ಕೆ ಔಷಧಿ ಹೊಡೆಸುವ ಕೆಲಸಕ್ಕೆ ಹೋದೆ.

ಮೂರು ವಾರದ ನಂತರ ಒಂದು ರಾತ್ರಿ, ಜೋರು ಮಳೆ, ಕರೆಂಟ್ ಹೋಗಿ ಆಗಲೇ ಒಂದು ದಿನವಾಗಿತ್ತು. ಮಲಗುವಾಗ ಆ್ಯಪ್‌ನಲ್ಲಿ 58% ಇತ್ತು. ಬೆಳಗಿನ ತನಕ ಯೋಚನೆ ಇಲ್ಲ ಅಂದುಕೊಂಡೆ. ಎರಡೂವರೆಗೆ ಫ್ಯಾನ್ ನಿಂತು ಎಚ್ಚರವಾಯಿತು. ಫ್ರಿಜ್ ಬಂದ್, ಇನ್ವರ್ಟರ್ ಬಂದ್. ಆ ಕತ್ತಲಲ್ಲಿ ಟಾರ್ಚ್ ಹಿಡಿದು ಇನ್ಸುಲಿನ್ ತೆಗೆದು, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯಲ್ಲಿಟ್ಟೆವು.

ಮರುದಿನ ಹನ್ನೊಂದಕ್ಕೆ ಕರೆಂಟ್ ಬಂತು, ಚಾರ್ಜ್ ಶುರುವಾಯಿತು. ಮಧ್ಯಾಹ್ನ ಮಗ ಫೋನ್ ನೋಡುತ್ತಿದ್ದವನು "ಅಪ್ಪ, ಇದೊಂದು ಯಾಕೆ ಹೀಗಿದೆ?" ಅಂದ. ಒಟ್ಟು ವೋಲ್ಟೇಜ್ 56.8, ಅದು ಇನ್ವರ್ಟರ್‌ನಲ್ಲಿ ನಾನು ಇಟ್ಟಷ್ಟೇ. ಉಳಿದ ಸೆಲ್‌ಗಳು 3.53ರ ಆಸುಪಾಸು. 11ನೇ ಸೆಲ್ ಮಾತ್ರ 3.81. ಈ ಜಾತಿಯ ಸೆಲ್ 3.65 ದಾಟಬಾರದು. ದಾಟಿದರೆ ಚಾರ್ಜ್ ನಿಲ್ಲಿಸುವುದೇ ಬಿಎಂಎಸ್‌ನ ಕೆಲಸ, ಅದನ್ನು ಇಟ್ಟುಕೊಳ್ಳುವುದೇ ಅದಕ್ಕೆ. ಆದರೆ ಅಲಾರಂ ಇಲ್ಲ, ಕೆಂಪು ಬಣ್ಣ ಇಲ್ಲ. ಆ 3.81 ಕೂಡ ಉಳಿದ ಹದಿನೈದರ ಹಾಗೇ ಹಸಿರಾಗಿ ಕೂತಿತ್ತು. ಓಡಿಹೋಗಿ ಎಂಸಿಬಿ ಇಳಿಸಿದೆ.

ಆಮೇಲೆ ಸೆಟ್ಟಿಂಗ್ ತೆಗೆದು ನೋಡಿದರೆ ನಾನು ಇಟ್ಟದ್ದು ಒಂದೂ ಇಲ್ಲ. ಅಪ್‌ಡೇಟ್ ಎಲ್ಲವನ್ನೂ ಫ್ಯಾಕ್ಟರಿ ಸೆಟ್ಟಿಂಗ್‌ಗೆ ತಂದಿತ್ತು, ಆ ಸೆಟ್ಟಿಂಗ್ ಎನ್‌ಎಂಸಿ ಅನ್ನುವ ಬೇರೆ ಜಾತಿಯ ಲಿಥಿಯಂ ಬ್ಯಾಟರಿಯದ್ದು. ಚಾರ್ಜ್ ನಿಲ್ಲಿಸುವ ಮಿತಿ 3.65 ಇದ್ದದ್ದು 4.20 ಆಗಿದೆ. ಬ್ಯಾಲೆನ್ಸ್, ಅಂದರೆ ಎಲ್ಲ ಸೆಲ್‌ಗಳನ್ನು ಒಂದೇ ಮಟ್ಟಕ್ಕೆ ತರುವ ಕೆಲಸ, ಶುರುವಾಗುವ ವೋಲ್ಟೇಜ್ 3.40 ಇದ್ದದ್ದು 4.00 ಆಗಿದೆ. ನನ್ನ ಸೆಲ್‌ಗಳು ನ್ಯಾಯವಾಗಿ ಯಾವತ್ತೂ 4.00 ಮುಟ್ಟುವುದಿಲ್ಲ, ಅಂದರೆ ಮೂರು ವಾರ ಬ್ಯಾಲೆನ್ಸ್ ಆಗಿಯೇ ಇಲ್ಲ! ಸ್ವಲ್ಪ ಬೇಗ ತುಂಬುವ ಸೆಲ್ ದಿನದಿನವೂ ಮುಂದೆ ಹೋಗುತ್ತಾ, ಕೊನೆಗೆ ಒಮ್ಮೆಲೇ ಮೇಲೇರಿದೆ. ಆ 58% ಕೂಡ ಇದರದ್ದೇ ಫಲ. ಚಾರ್ಜ್ ಇಳಿಯುತ್ತಾ ಹೋದರೂ ಈ ಸೆಲ್‌ಗಳ ವೋಲ್ಟೇಜ್ ನಡುವಿನ ಬಹುಪಾಲು ಹೆಚ್ಚುಕಮ್ಮಿ ಒಂದೇ ಇರುವುದರಿಂದ ಎಷ್ಟು ಉಳಿದಿದೆ ಅಂತ ವೋಲ್ಟೇಜ್ ನೋಡಿ ಹೇಳಲಾಗುವುದಿಲ್ಲ, ಒಳಗೆ ಹೋದ ಹೊರಗೆ ಬಂದ ಕರೆಂಟನ್ನು ಎಣಿಸುತ್ತಾ ಹೋಗಬೇಕು, ಫುಲ್ ಆದಾಗ ಆ ಲೆಕ್ಕವನ್ನು 100ಕ್ಕೆ ಸರಿಮಾಡಿಕೊಳ್ಳಬೇಕು. ಫುಲ್ ಅಂತ ತಿಳಿಯುವ ಮಿತಿಯೇ ಬದಲಾದರೆ ಲೆಕ್ಕ ಸರಿಯಾಗುವುದು ಹೇಗೆ? ಪಾಸ್‌ವರ್ಡ್ ಕೂಡ ವಾಪಸ್ 1234 ಆಗಿತ್ತು, ಜಗಲಿಯಲ್ಲಿ ಕೂತ ಯಾರು ಬೇಕಾದರೂ ಫೋನ್‌ನಿಂದ ಒಳಗೆ ಹೋಗಬಹುದಿತ್ತು.

ಹಳೆಯ ಫರ್ಮ್‌ವೇರ್ ವಾಪಸ್ ಕೊಡಿ ಅಂದರೆ ಆಗುವುದಿಲ್ಲ ಅಂದಿರಿ. ಬಿಎಂಎಸ್ ಬಿಚ್ಚಿ ಬೆಂಗಳೂರಿಗೆ ಕೊರಿಯರ್ ಮಾಡಿ, ಹದಿನೈದು ದಿನ ಬೇಕು ಅಂದಿರಿ. ಬಿಎಂಎಸ್ ಇಲ್ಲದೆ ಬ್ಯಾಟರಿ ಓಡಿಸುವ ಹಾಗಿಲ್ಲ. ಈ ಮಳೆಯಲ್ಲಿ ಹದಿನೈದು ದಿನ ಅಪ್ಪಯ್ಯನ ಔಷಧಿ ಎಲ್ಲಿಡಲಿ?

ನನಗೆ ಬೇಕಾದದ್ದು ಇಷ್ಟು. ನಿಮ್ಮ ಕಡೆಯ ಒಬ್ಬರು ಮನೆಗೆ ಬಂದು 11ನೇ ಸೆಲ್ ಕೆಪ್ಯಾಸಿಟಿ ಪರೀಕ್ಷೆ ಮಾಡಬೇಕು, ಪೆಟ್ಟಾಗಿದ್ದರೆ ನಿಮ್ಮ ಖರ್ಚಿನಲ್ಲಿ ಬದಲಿಸಿಕೊಡಬೇಕು, ಮಾಡಿದ್ದನ್ನು ವಾರಂಟಿ ಕಾರ್ಡ್ ಮೇಲೆ ಬರೆದು ಸಹಿ ಹಾಕಬೇಕು. ಈ ಅಪ್‌ಡೇಟನ್ನು ಇವತ್ತೇ ನಿಲ್ಲಿಸಿ. ಆಗಲೇ ಹಾಕಿಕೊಂಡವರಿಗೆಲ್ಲ ಸೆಟ್ಟಿಂಗ್ ನೋಡಿಕೊಳ್ಳಿ ಅಂತ ಕನ್ನಡದಲ್ಲೂ ಮೆಸೇಜ್ ಕಳಿಸಿ, ಇದಕ್ಕೆ ಮಾತ್ರ ದಯವಿಟ್ಟು ತಡ ಮಾಡಬೇಡಿ. ನಾನು ಹೇಳಿ ಹಾಕಿಸಿದ ಇಬ್ಬರ ಮನೆಗೂ ಹೋಗಿ ನೋಡಿ ಬಂದೆ, ಒಬ್ಬರದ್ದು ಅಪ್‌ಡೇಟ್ ಆಗಿತ್ತು, ಅಲ್ಲೂ 4.20 ಇತ್ತು. ಮುಂದಿನ ಆವೃತ್ತಿಯಲ್ಲಾದರೂ ಹಳೆ ಸೆಟ್ಟಿಂಗ್ ಉಳಿಯಲಿ. ಉಳಿಸಲು ಆಗದಿದ್ದರೆ ಬ್ಯಾಟರಿ ಯಾವ ಜಾತಿ ಅಂತ ಕೇಳುವ ತನಕ ಚಾರ್ಜ್ ಆಗದ ಹಾಗೆ ಮಾಡಿ.

ಸೆಟ್ಟಿಂಗ್ ಎಲ್ಲ ಕೈಯಲ್ಲೇ ಮತ್ತೆ ತುಂಬಿದ್ದೇನೆ. ಚಾರ್ಜನ್ನು 55.2 ವೋಲ್ಟ್‌ಗೆ ಇಳಿಸಿ ಇಟ್ಟುಕೊಂಡಿದ್ದೇನೆ. ನಿನ್ನೆಯೂ 11ನೇ ಸೆಲ್ ಉಳಿದವಕ್ಕಿಂತ 40 ಮಿಲಿವೋಲ್ಟ್ ಮೇಲಿತ್ತು. ಸ್ಕ್ರೀನ್‌ಶಾಟ್‌ಗಳನ್ನು, ಬಿಲ್ಲನ್ನು ಜೊತೆಗೆ ಕಳಿಸಿದ್ದೇನೆ. ಹಗಲು ತೋಟದಲ್ಲಿ ಸಿಗ್ನಲ್ ಸಿಗುವುದಿಲ್ಲ, ಬಿಲ್ಲಿನಲ್ಲಿರುವ ನಂಬರಿಗೆ ಸಂಜೆ ಏಳರ ಮೇಲೆ ಫೋನ್ ಮಾಡಿ.

ಇತಿ,
ನಿಮ್ಮ ಗ್ರಾಹಕ